ಹೊಳೆಮೀನಿನ ಬೆಲೆ

ಸೂಳೆಕೆರೆಯಿಂದ ಹರಿದುಬರುವ ಹರಿದ್ರೆಯು ತುಂಗಭದ್ರೆಯನ್ನು ಸೇರುವ ಸ್ಥಳವಾದುದರಿಂದ ಪ್ರಾಚೀನಕಾಲದಲ್ಲಿ ಕೂಡಲೂರೆನಿಸಿ, ೧೨೨೪ರಲ್ಲಿ ಹೊಯ್ಸಳ ದಂಡನಾಯಕ ಪೊಲಾಳ್ವನು ಹರಿಹರೇಶ್ವರನ ದೇಗುಲವನ್ನು ಕಟ್ಟಿಸಿದ ಮೇಲೆ ಮಹಾಕ್ಷೇತ್ರವೆಂದು ಮೆರೆದ ಹರಿಹರದಲ್ಲಿ, ದೇವರಿಗೆ ಭಕ್ತರಿದ್ದಂತೆಯೇ ಹೊಳೆಯ ಮೀನಿಗೂ ಗಿರಾಕಿಗಳಿದ್ದರು. ಅದಕ್ಕೂ ಸುಮಾರು ಒಂದು ಶತಮಾನದ ಹಿಂದೆ, ಈ ಸೀಮೆಯನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿಗಳನ್ನೂ ಅವುಗಳಿಗೆ ಹಾಕುವ ಮೇವನ್ನೂ ಗಾಳದ ಕೌಶಲವನ್ನೂ ಸವಿಸ್ತಾರವಾಗಿ ನಿರೂಪಿಸಿರುವನು.

ಅರಸನಿಗೆ ವಿನೋದವಾಗಿದ್ದುದು ಬೆಸ್ತರಿಗೆ ಜೀವನೋಪಾಯ. ಹರಿಗೋಲಿನಲ್ಲಿ ಕುಳಿತು ಬಲೆ ಬೀಸಿ ತಂದ ಬಾಳೆಮೀನನ್ನು ಕೊಳ್ಳಬಂದವನು ಮೊದಲು ಕಿವಿರನ್ನೆತ್ತಿ ರಕ್ತದ ಕೆಂಪನ್ನು ನೋಡುವನು, ಹೆಬ್ಬೆರಳಿನಿಂದ ಒತ್ತಿ ಮಾಂಸವು ಪುಟಿದೇಳುವುದೋ ಕುಳಿಬಿದ್ದೇ ಉಳಿಯುವುದೋ ಎಂದು ಪರೀಕ್ಷಿಸುವನು, ಅನಂತರವೇ ಚೌಕಾಸಿ. ಘಟ್ಟವಿಳಿದ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಮಲಗಿ ದಾವಣಗೆರೆಯ ಪೇಟೆಗೆ ಬರುವ ಬಂಗುಡೆ, ಭೂತಾಯಿಗಳಿಗೂ ಇದೇ ಪರೀಕ್ಷೆ. ತಾಜಾತನಕ್ಕಾಗಿ ನಾಲ್ಕು ಕಾಸು ಹೆಚ್ಚು ತೆರಲು ಒಪ್ಪುವ ಗಿರಾಕಿಯು, ನಾಳೆಯೂ ಹೊಳೆಯಲ್ಲಿ ಮೀನಿರಲೆಂದು ತೆತ್ತುದು ಮಾತ್ರ ಕಾಣಬರುವುದಿಲ್ಲ.

ಹಾಗಾದರೆ ಮತ್ಸ್ಯಸಂತತಿಯನ್ನು ಕಾಯ್ದುದು ಯಾವುದು? ನಿಷೇಧ. ಇದೇ ಹೊಳೆಯ ಮೇಲ್ದಂಡೆಯಲ್ಲಿ, ಶೃಂಗೇರಿಯ ತುಂಗಾತೀರದಲ್ಲಿ, ಭಕ್ತರು ಪುರಿ ಹಾಕುವ ಮೀನುಗಳನ್ನು ಹಿಡಿಯುವಂತಿಲ್ಲ. ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ೬೧ ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಈ ಸಂಯಮದ ನಷ್ಟವು ಬಹುಪಾಲು ಹಿಡಿಯುವವನದು, ತಿನ್ನುವವನದಲ್ಲ.

ಈ ಲೆಕ್ಕವನ್ನು ಬದಲಿಸುವ ಆಶಯದಿಂದ ೧೯೯೭ರಲ್ಲಿ ಸ್ಥಾಪಿತವಾದ ಮರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್ ಎಂಬ ಸಂಸ್ಥೆಯು, ಮಿತವರಿತು ಹಿಡಿದ ಕಡಲಾಹಾರಕ್ಕೆ ನೀಲಿ ಮುದ್ರೆಯನ್ನು ನೀಡುತ್ತಿದೆ. ೨೦೧೪ರಲ್ಲಿ ಕೇರಳದ ಅಷ್ಟಮುಡಿಯ ಚಿಪ್ಪುಮೀನುಗಾರಿಕೆಯು ಭಾರತದಲ್ಲಿ ಪ್ರಪ್ರಥಮವಾಗಿ ಆ ಮನ್ನಣೆಯನ್ನು ಪಡೆಯಿತು. ಆದರೆ ಕಿವಿರನ್ನು ನೋಡಿ ಕೊಳ್ಳುವ ಪೇಟೆಯಲ್ಲಿ, ಮುದ್ರೆಯನ್ನು ನೋಡಿ ಹೆಚ್ಚು ಹಣ ತೆರುವ ವಾಡಿಕೆಯಿನ್ನೂ ಬೇರೂರಿಲ್ಲ.

ಬೇರೂರಿದರೂ ಹರಿಹರದ ಕಥೆ ಅಷ್ಟರಿಂದಲೇ ತೀರದು. ೧೯೭೦ರ ದಶಕದಲ್ಲಿ ಎದುರು ದಂಡೆಯ ಕುಮಾರಪಟ್ಟಣದಲ್ಲಿ ನೀಲಗಿರಿಯ ತಿರುಳಿನಿಂದ ನೂಲೆಳೆ ಮಾಡುವ ಕಾರ್ಖಾನೆಗಳು ತಲೆಯೆತ್ತಿದವು, ಮುಂದಿನ ದಶಕದಲ್ಲಿ ಹೊಳೆಯ ಮೀನುಗಳು ಸತ್ತು ತೇಲಿದಾಗ, ತ್ಯಾಜ್ಯಜಲವೇ ಕಾರಣವೆಂದು ದಂಡೆಯ ಹಳ್ಳಿಗರು ಆಕ್ಷೇಪಿಸಿದರು, ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯವು ಚಳವಳಿಯನ್ನು ಹೂಡಿತು. ಬಲೆಯನ್ನು ಮಿತವಾಗಿ ಬೀಸಿದ ಬೆಸ್ತನಿಗೆ ಯಾವ ಮುದ್ರೆಯನ್ನೊತ್ತಿದ್ದರೂ ಆ ಮೀನುಗಳು ಉಳಿಯುತ್ತಿರಲಿಲ್ಲ. ಮೀನಿನ ದರದಲ್ಲಿ ಹೊಳೆಯ ರಕ್ಷಣೆಯ ವೆಚ್ಚವನ್ನೂ ಸೇರಿಸಿಕೊಡೆಂದು ಗಿರಾಕಿಯನ್ನು ಕೇಳುವುದು ನ್ಯಾಯವೇ. ಆದರೆ ಆ ಲೆಕ್ಕದ ಮೊದಲ ರೂಪಾಯಿಯನ್ನು ತೆರಬೇಕಾದವನು ಹೊಳೆಯನ್ನು ಕೆಡಿಸಿದವನು.