ಒಂದೇ ನೊಗಕ್ಕೆ ಎರಡು ಬಗೆಯ ಎತ್ತು

ಈಚೆಗೆ ಒಂದು ಭಾನುವಾರ ಮಂಡ್ಯದಿಂದ ಹೊರಟು ಮದ್ದೂರಿನ ಅಕ್ಕನ ಮನೆಗೆ ಹೋಗಿದ್ದೆ. ನಡುಮನೆಯಲ್ಲಿ ಅಕ್ಕನ ಎರಡನೆಯ ಮಗ ತನ್ನ ಕಂಪ್ಯೂಟರಿನ ಪಕ್ಕದ ತಗಡನ್ನು ಬಿಚ್ಚಿ, ಹಾಸಿದ ಪತ್ರಿಕೆಯ ಮೇಲೆ ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು ಇಟ್ಟುಕೊಂಡು ಕುಳಿತಿದ್ದ. ಒಂದು, ಅವನ ಅಣ್ಣ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡು ಆಮೇಲೆ ತಮ್ಮನಿಗೆ ಬಿಟ್ಟುಕೊಟ್ಟದ್ದು. 2016ರಲ್ಲಿ ಹೊರಬಂದ ಜಿಟಿಎಕ್ಸ್ 1060. ಮತ್ತೊಂದು 2021ರಲ್ಲಿ ಬಂದ ಆರ್‌ಟಿಎಕ್ಸ್ 3060. ಎರಡೂ ಎನ್‌ವಿಡಿಯಾ ಕಂಪನಿಯವೇ. ಹುಡುಗನ ಮುಖ ಮಾತ್ರ ಸಪ್ಪಗಿತ್ತು.

"ಎರಡನ್ನೂ ಒಟ್ಟಿಗೆ ಹಾಕಿದ್ರೆ ಆಟ ಎರಡರಷ್ಟು ಜೋರಾಗಿ ಓಡುತ್ತೆ ಅಂದ್ಕೊಂಡಿದ್ದೆ ಮಾವ. ಹಳೇದು ಸುಮ್ನೆ ಕೂತಿರುತ್ತೆ. ಅದನ್ನ ಮಾರಿ, ಹೊಸದರಂಥದೇ ಇನ್ನೊಂದು ತಗೊಂಡ್ರೆ ಜೋಡಿ ಆಗುತ್ತೆ ಅಂತಾರೆ ಸ್ನೇಹಿತರು."

ಆ 'ಇನ್ನೊಂದು' ಎಂದರೆ ಭಾವನವರ ಕಬ್ಬಿನ ದುಡ್ಡಿಗೆ ಕೈ ಹಾಕಬೇಕು. ಅವರು ಬಾಗಿಲ ಬಳಿ ನಿಂತೇ ಕೇಳಿದರು: "ಎತ್ತು ಜೋಡಿ ಮಾಡೋವಾಗ ನಾವು ಹಲ್ಲು ನೋಡ್ತೀವಿ, ಎತ್ತರ ನೋಡ್ತೀವಿ. ನೀನು ಏನ್ ನೋಡಿ ತಂದೆ?" ಹುಡುಗ ನನ್ನ ಮುಖ ನೋಡಿದ. ಕನ್ನಡ ಪಾಠ ಹೇಳುವ ನನಗೆ ಈ ವಿದ್ಯೆ ದೂರವೇ. ಆದರೆ ಯಾವ ಜಗಳಕ್ಕೂ ಒಂದು ಚರಿತ್ರೆ ಇರುತ್ತದೆ. ಚರಿತ್ರೆಯನ್ನಾದರೂ ಹುಡುಕಿ ನೋಡೋಣವೆಂದು ಕುಳಿತೆ.

ಮೊದಲು ತಿಳಿದ ಸಂಗತಿಯೇ ನನ್ನನ್ನು ಬೆರಗುಗೊಳಿಸಿತು. ಈ ಆಟದ ಕಾರ್ಡುಗಳ ಪ್ರಸಿದ್ಧಿ ಆರಂಭವಾದದ್ದೇ ಹೊಂದಿಕೆಯಿಲ್ಲದ ಜೋಡಿಯಿಂದ. 1996ರಲ್ಲಿ ಅಮೆರಿಕದ 3ಡಿಎಫ್‌ಎಕ್ಸ್ ಎಂಬ ಕಂಪನಿ ವೂಡೂ ಎಂಬ ಕಾರ್ಡನ್ನು ಹೊರತಂದಿತು. ಆಳ ಅಗಲಗಳುಳ್ಳ ಆಟದ ದೃಶ್ಯಗಳನ್ನು ರಚಿಸುವುದಷ್ಟೇ ಅದಕ್ಕೆ ಗೊತ್ತು. ಅಕ್ಷರ, ಕಿಟಕಿ, ಸಾಮಾನ್ಯ ಚಿತ್ರ ಯಾವುದೂ ಅದಕ್ಕೆ ಬಾರದು. ಆದ್ದರಿಂದ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಬೇರಾವುದೋ ಕಂಪನಿಯ ಸಾಧಾರಣ ಕಾರ್ಡಿಗೆ ಹೊರಗಿನಿಂದ ಒಂದು ತಂತಿ ಜೋಡಿಸಬೇಕಾಗಿತ್ತು. ಆಟವಿಲ್ಲದಾಗ ಹಳೆಯದರ ಚಿತ್ರ ವೂಡೂವಿನ ಮೂಲಕ ಹಾಯ್ದು ಪರದೆಗೆ ಹೋಗುತ್ತಿತ್ತು, ಆಟ ಹಚ್ಚಿದೊಡನೆ ವೂಡೂ ಪರದೆಯನ್ನು ತಾನು ವಹಿಸಿಕೊಳ್ಳುತ್ತಿತ್ತು. ಕುಲಗೋತ್ರ ಬೇರೆಯಾದ ಎರಡು ಕಾರ್ಡು ಜಗಳವಿಲ್ಲದೆ ಬಾಳಿದವು. ಕೆಲಸವೇ ಬೇರೆಬೇರೆಯಾಗಿತ್ತಲ್ಲ!

ಜಗಳ ಬಂದದ್ದು ಒಂದೇ ಕೆಲಸವನ್ನು ಇಬ್ಬರಿಗೆ ಹಂಚಹೊರಟಾಗ. 1998ರಲ್ಲಿ ಅದೇ ಕಂಪನಿ ವೂಡೂ-2 ಕಾರ್ಡುಗಳೆರಡನ್ನು ಕೂಡಿಸುವ ಉಪಾಯ ಮಾಡಿತು. ಪರದೆಯ ಗೆರೆಗಳಲ್ಲಿ ಬೆಸವನ್ನು ಒಂದು, ಸಮವನ್ನು ಇನ್ನೊಂದು ಬರೆಯಬೇಕು. ಅದಕ್ಕೆ ಎಸ್‌ಎಲ್‌ಐ ಎಂದು ಹೆಸರು. ಉಪಾಯ ಚೆನ್ನಾಗಿಯೇ ನಡೆಯಿತು; ಆದರೆ ಎರಡು ಕಾರ್ಡುಗಳಿಗೂ ಸರಿಸಮ ಪಾಲು. 3ಡಿಎಫ್‌ಎಕ್ಸ್‌ನ ಆಸ್ತಿಯನ್ನು ಕೊಳ್ಳುವುದಾಗಿ 2000ದ ಕೊನೆಯಲ್ಲಿ ಎನ್‌ವಿಡಿಯಾ ಸಾರಿತು. 2004ರಲ್ಲಿ ಆ ಮೂರು ಅಕ್ಷರಗಳಿಗೆ ಬೇರೆ ವಿಸ್ತರಣೆ ಕೊಟ್ಟು ಎಸ್‌ಎಲ್‌ಐಯನ್ನು ಮತ್ತೆ ತಂದಿತು. ಜೋಡಿಯಾಗುವ ಎರಡು ಕಾರ್ಡುಗಳ ಚಿಪ್ಪು ಒಂದೇ ಮಾದರಿಯದಾಗಿರಬೇಕೆಂಬುದು ಅದರ ನಿಯಮ. ಮರುವರ್ಷ ಪ್ರತಿಸ್ಪರ್ಧಿಯಾದ ಎಟಿಐ ಕ್ರಾಸ್‌ಫೈರ್ ಎಂಬ ತನ್ನ ಪದ್ಧತಿಯನ್ನು ಸಾರಿತು. ಇದು ಸ್ವಲ್ಪ ಉದಾರ. ಒಂದೇ ಮನೆತನದ ಅಣ್ಣತಮ್ಮಂದಿರನ್ನು ಕೂಡಲು ಬಿಡುತ್ತಿತ್ತು.

ಉದಾರವಾದರೂ ಫಲವೇನು? ಆ ದಿನಗಳಲ್ಲಿ ರೂಢಿಗೆ ಬಂದದ್ದು ಸರದಿಯ ಪದ್ಧತಿ. ಆಟವೆಂಬುದು ಸೆಕೆಂಡಿಗೆ ಹತ್ತಾರು ಚಿತ್ರಗಳ ಸಾಲು. ಮೊದಲ ಚಿತ್ರ ಇದಕ್ಕೆ, ಎರಡನೆಯದು ಅದಕ್ಕೆ, ಮೂರನೆಯದು ಮತ್ತೆ ಇದಕ್ಕೆ. ವಾಚಕರು ಬೇಸರಿಸದಿದ್ದರೆ ಒಂದು ಚಿಕ್ಕ ಲೆಕ್ಕ. ಹೊಸ ಕಾರ್ಡು ಒಂದು ಚಿತ್ರವನ್ನು ಸೆಕೆಂಡಿನ ಸಾವಿರದಲ್ಲಿ 10 ಪಾಲು ಹೊತ್ತಿನಲ್ಲಿಯೂ ಹಳೆಯದು 25 ಪಾಲು ಹೊತ್ತಿನಲ್ಲಿಯೂ ಬರೆಯುತ್ತವೆನ್ನಿ. ಹೊಸದೊಂದೇ ಆದರೆ ಸೆಕೆಂಡಿಗೆ 100 ಚಿತ್ರ, ಹಳೆಯದೊಂದೇ ಆದರೆ 40. ಸರದಿ ಹಿಡಿದರೆ ಹಳೆಯದು ತನ್ನ 40 ಮುಗಿಸುವಷ್ಟರಲ್ಲಿ ಹೊಸದಕ್ಕೂ 40ರ ಸರದಿಯೇ ಸಿಕ್ಕುವುದು. ಒಟ್ಟು 80. ಅಂದರೆ ಇಬ್ಬರು ಸೇರಿ ಒಬ್ಬನಿಗಿಂತ ಕಡಮೆ! ಬಲಕ್ಕೆ ತಕ್ಕಂತೆ ಹಂಚಿದ್ದರೆ ಕಾಗದದ ಮೇಲಾದರೂ 140 ಆಗಬೇಕಿತ್ತು. ಸಮಾನತೆ ದೊಡ್ಡ ಗುಣವೇ ಸರಿ, ಆದರೆ ಇಲ್ಲಿ ಅದು ಬಲ್ಲವನನ್ನು ಕಾಯಿಸಿ ಬಡವನನ್ನು ಬಳಲಿಸಿತು.

ಈ ಲೆಕ್ಕ ತಲೆಯಲ್ಲಿದ್ದಾಗಲೇ ನೆಂಟರೊಬ್ಬರ ಮನೆಯ ಶುಭಕಾರ್ಯಕ್ಕೆಂದು ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಹೋಗಬೇಕಾಯಿತು. ಪಕ್ಕದಲ್ಲಿ ಅಕ್ಕನ ಮಗ. ಆ ದಾರಿಯ ಹಿರಿಮೆಯನ್ನು ಅವನಿಗೆ ಹೇಳಿದೆ. ಶಿವನಸಮುದ್ರದ ವಿದ್ಯುದಾಗಾರ ಕಟ್ಟುವಾಗ ಕಡಲು ದಾಟಿ ಬಂದ ಭಾರಿ ಯಂತ್ರಗಳು ರೈಲಿನಿಂದಿಳಿದದ್ದು ಮದ್ದೂರಿನಲ್ಲಿ; ಅಲ್ಲಿಂದ ಮುಂದಕ್ಕೆ ಅವನ್ನು ಸಾಗಿಸಲು ಆನೆ ಕುದುರೆಗಳ ಬಲ ಬೇಕಾಯಿತು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವೀಸ್ ಕಂಪನಿಯವು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. 1902ರ ಜೂನ್ 30ರಂದು ಅಲ್ಲಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಬೆಂಗಳೂರಿನಲ್ಲಿ ದೀಪ ಹೊತ್ತಿದ್ದು 1905ರಲ್ಲಿ.

ಆ ಮೊದಲ ಯಂತ್ರಗಳು ಚಿಕ್ಕವು. ಬೇಡಿಕೆ ಬೆಳೆದಂತೆ ದೊಡ್ಡವು ಬಂದವು. ಇಂದು ಆ ಆಗಾರದಲ್ಲಿ 3 ಮೆಗಾವಾಟಿನವು ಆರು, 6 ಮೆಗಾವಾಟಿನವು ನಾಲ್ಕು. ಒಟ್ಟು 42 ಮೆಗಾವಾಟು. ಒಂದಕ್ಕಿಂತ ಒಂದು ಇಮ್ಮಡಿ ಬಲದ ಯಂತ್ರಗಳು ಒಂದೇ ತಂತಿಗೆ ದುಡಿಯುವುದು ಹೇಗೆ? ಎಲ್ಲವೂ ಒಂದೇ ತಾಳಕ್ಕೆ ತಿರುಗುತ್ತವೆ. ಹೊರೆ ಹೆಚ್ಚಿ ತಾಳ ಒಂದಿಷ್ಟು ಕುಗ್ಗಿದೊಡನೆ ಪ್ರತಿಯೊಂದು ಯಂತ್ರದ ವೇಗನಿಯಾಮಕವೂ ತನ್ನ ಶಕ್ತಿಗೆ ತಕ್ಕಷ್ಟು ನೀರನ್ನು ಹೆಚ್ಚಿಗೆ ಬಿಡುತ್ತದೆ. ದೊಡ್ಡದು ದೊಡ್ಡ ಪಾಲನ್ನೂ ಚಿಕ್ಕದು ಚಿಕ್ಕ ಪಾಲನ್ನೂ ಹೊರುತ್ತವೆ. ಯಾವುದೂ ಇನ್ನೊಂದನ್ನು ಕಾಯುವುದಿಲ್ಲ.

"ಹಾಗಾದ್ರೆ ಕಾರ್ಡಿಗೂ ಹಂಗೇ ಹಂಚಬಹುದಲ್ಲ ಮಾವ?" ಎಂದ ಹುಡುಗ. ಪ್ರಶ್ನೆ ಸರಿಯಾದದ್ದೇ. ಅಡ್ಡಿಯಿರುವುದು ವಸ್ತುವಿನ ಸ್ವಭಾವದಲ್ಲಿ. ವಿದ್ಯುತ್ತಿಗೆ ಮುಖವಿಲ್ಲ, ಚಿಕ್ಕ ಯಂತ್ರದ್ದೂ ದೊಡ್ಡ ಯಂತ್ರದ್ದೂ ತಂತಿಯೊಳಗೆ ಬೆರೆತು ಒಂದೇ ಆಗುತ್ತವೆ. ಚಿತ್ರ ಹಾಗಲ್ಲ. ಈಗಿನ ಆಟಗಳಲ್ಲಿ ಒಂದು ಚಿತ್ರ ತನ್ನ ಹಿಂದಿನ ಚಿತ್ರವನ್ನು ನೋಡಿಕೊಂಡು ರೂಪುಗೊಳ್ಳುತ್ತದೆ. ಹಿಂದಿನದು ಪಕ್ಕದ ಕಾರ್ಡಿನಲ್ಲಿದ್ದರೆ ಅದನ್ನು ತರಿಸಿಕೊಳ್ಳಬೇಕು. ಸೆಕೆಂಡಿಗೆ 60 ಚಿತ್ರವೆಂದರೆ ಒಂದೊಂದಕ್ಕೆ ಸಿಕ್ಕುವುದು ಸೆಕೆಂಡಿನ ಅರವತ್ತನೆಯ ಒಂದು ಪಾಲು. ಅಷ್ಟರೊಳಗೆ ಈ ಹೋಗಿಬರುವ ಕೆಲಸವೂ ಮುಗಿಯಬೇಕು. ನೆನಪಿನ ಕೋಶವೂ ಕೂಡುವುದಿಲ್ಲ. 6 ಗಿಗಾಬೈಟಿನ ಕಾರ್ಡಿನ ಪಕ್ಕದಲ್ಲಿ 12ರದನ್ನು ಇಟ್ಟರೆ ಆಟಕ್ಕೆ 18 ದಕ್ಕದು. ಒಂದೇ ದೃಶ್ಯದ ಸಾಮಗ್ರಿಯನ್ನು ಎರಡೂ ಕಡೆ ತುಂಬಿಸಬೇಕು. ಇಷ್ಟಾದ ಮೇಲೂ ಒಂದು ಚಿತ್ರ ಬೇಗ, ಮುಂದಿನದು ತಡವಾಗಿ ಬಂದರೆ, ಸರಾಸರಿ ಲೆಕ್ಕ ಎಷ್ಟೇ ಚೆನ್ನಾಗಿರಲಿ, ಕಣ್ಣಿಗೆ ಮುಗ್ಗರಿಸಿದಂತೆಯೇ ಕಾಣುವುದು.

ಇಷ್ಟು ಕಷ್ಟವಿದ್ದರೂ ಬಲಕ್ಕೆ ತಕ್ಕ ಹಂಚಿಕೆಯ ಪ್ರಯತ್ನ ನಡೆಯದೆ ಇರಲಿಲ್ಲ. ಇಸ್ರೇಲಿನ ಲೂಸಿಡ್ ಎಂಬ ಸಂಸ್ಥೆ 2008ರಲ್ಲಿ ಹೈಡ್ರಾ ಎಂಬ ಚಿಪ್ಪನ್ನು ಸಾರಿತು. 2010ರ ಹೊತ್ತಿಗೆ ಅದುಳ್ಳ ಮದರ್‌ಬೋರ್ಡು ಪೇಟೆಗೆ ಬಂತು. ಆಟ ಕೊಡುವ ಆಜ್ಞೆಗಳನ್ನು ನಡುವೆಯೇ ತಡೆದು, ಎನ್‌ವಿಡಿಯಾದ ಕಾರ್ಡಿಗಿಷ್ಟು, ಎಎಮ್‌ಡಿಯ ಕಾರ್ಡಿಗಿಷ್ಟು ಎಂದು ಹಂಚುವ ಸಾಹಸ ಅದು. (ಎಟಿಐಯನ್ನು ಎಎಮ್‌ಡಿ ಕೊಂಡದ್ದು 2006ರಲ್ಲಿ.) ಹೊಸ ಆಟ ಬಂದಾಗಲೆಲ್ಲ ಅದರ ಮರ್ಮವನ್ನು ಲೂಸಿಡ್‌ನವರು ಹೊಸದಾಗಿ ಅರಿಯಬೇಕಾಯಿತು, ಹಲವು ಆಟಗಳಲ್ಲಿ ಫಲ ಸಿಕ್ಕಲಿಲ್ಲ, ಹೈಡ್ರಾ ನೇಪಥ್ಯಕ್ಕೆ ಸರಿಯಿತು.

ಕಷ್ಟವೆಲ್ಲ ಯಂತ್ರದ್ದೇ ಎನ್ನುವಂತೆಯೂ ಇಲ್ಲ. ಆಟದಲ್ಲಿ ಕಲ್ಲು ಉರುಳುವ, ಬಟ್ಟೆ ಹಾರುವ ಲೆಕ್ಕವನ್ನು ಹಳೆಯ ಕಾರ್ಡಿಗೆ ವಹಿಸುವ ಫಿಸ್‌ಎಕ್ಸ್ ಎಂಬ ವಿದ್ಯೆ 2008ರಲ್ಲಿ ಎನ್‌ವಿಡಿಯಾದ ಕೈಸೇರಿತ್ತು. ಚಿತ್ರ ಬರೆಯಲು ಎಎಮ್‌ಡಿಯ ಹೊಸ ಕಾರ್ಡು, ಈ ಲೆಕ್ಕಕ್ಕೆ ಎನ್‌ವಿಡಿಯಾದ ಹಳೆಯದು: ಹೀಗೆ ಕೆಲವರು ಹೊಂದಿಸಿಕೊಂಡಿದ್ದರು. 2009ರಲ್ಲಿ ಎನ್‌ವಿಡಿಯಾ ತನ್ನ ಡ್ರೈವರಿನ ಮೂಲಕ ಆ ದಾರಿಯನ್ನು ಮುಚ್ಚಿತು. ಪರರ ಕಾರ್ಡಿನೊಡನೆ ಪರೀಕ್ಷೆ ಮಾಡಿ ಹೊಣೆ ಹೊರಲಾಗದೆಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ; ಆದರೂ ನಡೆಯುತ್ತಿದ್ದ ಗಾಡಿಯ ಕಡಾಣಿ ಕಿತ್ತಂತೆ ಆಯಿತೆಂದೇ ನನ್ನ ಎಣಿಕೆ.

2015ರಲ್ಲಿ ಮೈಕ್ರೋಸಾಫ್ಟಿನ ಡೈರೆಕ್ಟ್‌ಎಕ್ಸ್ 12 ಬಂದಾಗ ಬಾಗಿಲು ಮತ್ತೆ ತೆರೆಯಿತು. ಎರಡು ಕಾರ್ಡುಗಳಿಗೆ ಕೆಲಸ ಹಂಚುವ ಅಧಿಕಾರವನ್ನು ಅದು ಆಟ ಬರೆಯುವವರಿಗೇ ಒಪ್ಪಿಸಿತು. ಆಶಸ್ ಆಫ್ ದಿ ಸಿಂಗ್ಯುಲಾರಿಟಿ ಎಂಬ ಆಟದಲ್ಲಿ ಎರಡು ಪ್ರತಿಸ್ಪರ್ಧಿ ಕಂಪನಿಗಳ ಕಾರ್ಡುಗಳು ಒಟ್ಟಿಗೆ ದುಡಿದು ತೋರಿಸಿದವು. ಕೈಲಾಗುವ ಕೆಲಸವೆಂಬುದು ಅಲ್ಲಿಗೆ ಸಿದ್ಧವಾಯಿತು. ಆದರೆ ಎರಡು ಕಾರ್ಡು ಇಟ್ಟುಕೊಂಡಿರುವ ಕೆಲವೇ ಮಂದಿಗಾಗಿ ತಿಂಗಳುಗಟ್ಟಲೆ ಹೆಚ್ಚಿನ ದುಡಿಮೆ ಮಾಡುವವರು ಯಾರು? ಆ ಆಟವನ್ನು ಅನುಸರಿಸಿದವು ತೀರ ಕಡಮೆ. 2020ರಲ್ಲಿ ಎನ್‌ವಿಡಿಯಾ, ಮರುವರ್ಷದ ಜನವರಿಯಿಂದ ಎಸ್‌ಎಲ್‌ಐಗೆಂದು ಹೊಸ ಹೊಂದಾಣಿಕೆಗಳನ್ನು ಡ್ರೈವರಿನಲ್ಲಿ ಸೇರಿಸುವುದಿಲ್ಲವೆಂದು ಸಾರಿತು. ಆ ಸಾಲಿನ ಆಟದ ಕಾರ್ಡುಗಳಲ್ಲಿ ಜೋಡಿಸುವ ಕೊಂಡಿ ಉಳಿದದ್ದು ಎಲ್ಲಕ್ಕೂ ಮೇಲಿನ 3090ರಲ್ಲಿ ಮಾತ್ರ.

ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಮದ್ದೂರಿಗೆ ಫೋನ್ ಮಾಡಿದೆ. ಹುಡುಗನ 3060ರಲ್ಲಿ ಆ ಕೊಂಡಿಯೇ ಇಲ್ಲ. ಅವನ ಹಳೆಯ 1060ರಲ್ಲಿಯೂ ಇರಲಿಲ್ಲ. ಹೊಸದರಂಥದೇ ಇನ್ನೊಂದನ್ನು ಕಬ್ಬಿನ ದುಡ್ಡಿನಲ್ಲಿ ತಂದಿದ್ದರೆ ಅದೂ ಹಳೆಯದರ ಹಾಗೆಯೇ ಸುಮ್ಮನೆ ಕುಳಿತಿರುತ್ತಿತ್ತು. "ಅವನ ಅಪ್ಪನಿಗೇ ಹೇಳು, ತಡಿ" ಎಂದು ಅಕ್ಕ ಫೋನನ್ನು ಭಾವನವರ ಕೈಗೆ ಕೊಟ್ಟಳು.

ಹಾಗಾದರೆ ಹಳೆಯದಕ್ಕೆ ಗತಿಯೇನು? ಇದಕ್ಕೆ ಉತ್ತರ 1996ರಲ್ಲೇ ಇತ್ತು. ಕೆಲಸವನ್ನು ಕತ್ತರಿಸದೆ ಬೇರೆ ಕೆಲಸ ಕೊಡುವುದು. ನಮ್ಮ ಕಾಲೇಜಿನ ಮಕ್ಕಳು ಹೊತ್ತು ತರುವ ಎಷ್ಟೋ ಲ್ಯಾಪ್‌ಟಾಪುಗಳೊಳಗೆ ಇರುವುದೂ ಇಂಥ ಹೊಂದಿಕೆಯಿಲ್ಲದ ಜೋಡಿಯೇ. ಓದುಬರಹಕ್ಕೆ ಒಂದು ಚಿಕ್ಕ ಚಿಪ್ಪು, ಆಟಕ್ಕೆ ಒಂದು ದೊಡ್ಡದು. 2010ರಲ್ಲಿ ಎನ್‌ವಿಡಿಯಾ ಇದಕ್ಕೆ ಆಪ್ಟಿಮಸ್ ಎಂದು ಹೆಸರಿಟ್ಟಿತು. ಈಚೆಗೆ ಲಾಸ್‌ಲೆಸ್ ಸ್ಕೇಲಿಂಗ್ ಎಂಬ ತಂತ್ರಾಂಶದಿಂದ ಮತ್ತೊಂದು ದಾರಿ ತೆರೆದಿದೆ. ಹೊಸ ಕಾರ್ಡು ಆಟದ ಚಿತ್ರಗಳನ್ನು ಬರೆಯುತ್ತದೆ. ಹಳೆಯದು ಎರಡು ಚಿತ್ರಗಳ ನಡುವೆ ಹೊಂದುವ ಒಂದನ್ನು ತಾನೇ ಊಹಿಸಿ ಸೇರಿಸುತ್ತದೆ. ಕೃತಕ ಬುದ್ಧಿಯ ಭಾಷಾ ಮಾದರಿಗಳನ್ನು ಮನೆಯಲ್ಲೇ ನಡೆಸುವವರಂತೂ ಮಾದರಿಯ ಪದರಗಳನ್ನು ಕಾರ್ಡುಗಳ ನೆನಪಿನ ಅಳತೆಗೆ ತಕ್ಕಂತೆ ಹಂಚಿ ಇಡುತ್ತಾರೆ. ಅಲ್ಲಿ 6ಕ್ಕೆ 12 ಸೇರಿ ಹದಿನೆಂಟರ ಹತ್ತಿರಕ್ಕೆ ಬರುವುದುಂಟು.

ಕಳೆದ ವಾರ ಮತ್ತೆ ಮದ್ದೂರಿಗೆ ಹೋಗಿದ್ದೆ. ಎರಡೂ ಕಾರ್ಡು ಒಳಗೆ ಸೇರಿದ್ದವು. ಹಳೆಯದು 120 ವಾಟು, ಹೊಸದು 170 ವಾಟು ಬೇಡುವುದರಿಂದ ಹಳೆಯ ಎಸ್‌ಎಂಪಿಎಸ್ ಸಾಲದೆ ಅದೊಂದನ್ನು ಬದಲಾಯಿಸಬೇಕಾಗಿ ಬಂತಂತೆ. ಖರ್ಚು ಅಷ್ಟಕ್ಕೇ ನಿಂತಿದೆ. ಪರದೆಯ ತಂತಿ ಈಗ ಹಳೆಯ ಕಾರ್ಡಿಗೆ ಸಿಕ್ಕಿಸಿದೆ. ಆಟ ನುಣ್ಣಗೆ ಕಾಣುತ್ತದೆ, ಆದರೆ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಂಡದ್ದಕ್ಕೂ ನಡುವೆ ಒಂದು ಎಳೆ ತಡವೆಂದು ಹುಡುಗನ ದೂರು. ಮದ್ದೂರಿನಲ್ಲಿ ಅದರ ಹಿಂದಿನ ದಿನ ಒಬ್ಬರು ಹಳೆಯ ಕಾರ್ಡನ್ನು ಕೊಳ್ಳಲು ಕೇಳಿದರಂತೆ. ಆ ಪೀಳಿಗೆಯ ಕಾರ್ಡುಗಳಿಗೆ ಆಟದ ಹೊಸ ಡ್ರೈವರುಗಳನ್ನು 2025ರ ಅಕ್ಟೋಬರಿಗೆ ನಿಲ್ಲಿಸುವುದಾಗಿ ಎನ್‌ವಿಡಿಯಾ ಆ ವರ್ಷವೇ ತಿಳಿಸಿತ್ತೆಂಬುದು ಅವನಿಗೆ ಗೊತ್ತು. ಗೊತ್ತಿದ್ದೂ ಕೊಟ್ಟಿರಲಿಲ್ಲ.

ಭಾವನವರು ಕಾಫಿಯ ಲೋಟ ಹಿಡಿದು ಬಂದು ಬಗ್ಗಿ ನೋಡಿದರು. ಎತ್ತುಗಳ ಬಲ ಹೆಚ್ಚುಕಡಮೆಯಾದಾಗ ನೊಗವನ್ನು ಮೂಕಿಗೆ ಕಟ್ಟುವ ಜಾಗವನ್ನು ಬಲಿಷ್ಠ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸಿ ಕಟ್ಟುತ್ತಾರೆ. ಹೊರೆ ಆಗ ಅದರ ಮೇಲೆ ಹೆಚ್ಚಾಗಿ ಬೀಳುತ್ತದೆ. ಇದನ್ನು ಅವರು ಮಗನಿಗೆ ಕೈಯಲ್ಲಿ ತೋರಿಸುತ್ತಿದ್ದಾಗ ಕರೆಂಟು ಹೋಯಿತು.