ನಿಮ್ಮ ಐಬಾನ್ ಒಳಗಿನ ದೊಡ್ಡ ಸಂಖ್ಯೆ ಮತ್ತು 97ರ ಲೆಕ್ಕ
331234567890123456101407. ಇಪ್ಪತ್ನಾಲ್ಕು ಅಂಕಿಯ ಈ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ. ಯುಎಇ ಐಬಾನ್ ಹೇಗಿರುತ್ತದೆಂದು ತೋರಿಸಲು ಕೊಡುವ ಮಾದರಿ ನಂಬರಿನಿಂದ ಬಂದದ್ದು ಇದು. ನಿಮ್ಮ ಸಂಬಳ ಬೀಳುವ ಖಾತೆಯ ಐಬಾನ್‌ಗೂ ಇದೇ ಗುಣ ಇರಲೇಬೇಕು.

ಮಾದರಿ ಹೀಗಿದೆ: ಎಇ07 0331 2345 6789 0123 456. ‘ಎಇ’ ದೇಶದ ಗುರುತು, 07 ತಾಳೆ ನೋಡುವ ಅಂಕಿ, 033 ಬ್ಯಾಂಕಿನದು, ಉಳಿದ 16 ಅಂಕಿ ಖಾತೆಯದು. ಮೊದಲ ನಾಲ್ಕನ್ನು ತೆಗೆದು ಕೊನೆಗೆ ಹಾಕಿ. ಇಂಗ್ಲಿಷಿನ ಎ ಅಕ್ಷರಕ್ಕೆ 10, ಬಿಗೆ 11 ಅಂತ ಎಣಿಸುತ್ತಾ ಹೋದರೆ ಇಗೆ 14. ಹಾಗಾಗಿ ಎಇ07 ಅಂದರೆ 101407. ಮುಂದಿನ ಸೊನ್ನೆಗೆ ಬೆಲೆಯಿಲ್ಲ, ಬಿಟ್ಟುಬಿಡಿ. ಮೇಲಿನ ಸಂಖ್ಯೆ ಸಿಕ್ಕಿತು.

ಇಷ್ಟು ಉದ್ದದ್ದನ್ನು ಮೊಬೈಲ್ ಕ್ಯಾಲ್ಕುಲೇಟರ್‌ಗೆ ಒಮ್ಮೆಗೇ ಕೊಡಬೇಡಿ, ತುಂಡು ಮಾಡಿ. 331234567ನ್ನು 97ರಿಂದ ಭಾಗಿಸಿದರೆ ಶೇಷ 34. ಅದರ ಪಕ್ಕಕ್ಕೆ ಮುಂದಿನ ಏಳು ಅಂಕಿ ಬರೆದರೆ 348901234, ಶೇಷ 91. ಉಳಿದ ಎಂಟು ಅಂಕಿ ಸೇರಿಸಿದರೆ 9156101407, ಶೇಷ 1. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಮಾಡಿದ ಭಾಗಾಕಾರವೇ.

97 ಯಾಕೆ? ಅದು ಎರಡಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲೇ ದೊಡ್ಡದು. ಖಾತೆಯ ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿ ಅದಲು ಬದಲಾದರೂ ಆಗುವ ವ್ಯತ್ಯಾಸವನ್ನು 97 ಪೂರ್ತಿ ಭಾಗಿಸುವುದಿಲ್ಲ. ಹಾಗಾಗಿ ಶೇಷ 1 ಬರಲು ಸಾಧ್ಯವೇ ಇಲ್ಲ. ಮಾದರಿಯ ಕೊನೆಯ 456ನ್ನು 465 ಅಂತ ಬರೆದು ನೋಡಿ, ಶೇಷ 50 ಬರುತ್ತದೆ. ಅಂಕಿಗಳು ಪೂರ್ತಿ ಗೊಂದಲವಾದರೆ ಮಾತ್ರ ಸುಮಾರು 97ಕ್ಕೆ ಒಂದು ತಪ್ಪು ನುಸುಳಬಹುದು. ಸೌದಿಯ 24, ಬಹ್ರೇನಿನ 22, ಒಮಾನಿನ 23, ಕತಾರಿನ 29, ಕುವೈತಿನ 30 ಅಕ್ಷರದ ಐಬಾನ್‌ಗಳಿಗೂ ಇದೇ ನಿಯಮ.

ಆದರೆ ಖಾತೆ ಯಾರದು ಅಂತ 97 ಹೇಳುವುದಿಲ್ಲ. ನಿಮ್ಮ ರೂಮ್‌ಮೇಟ್‌ನ ಐಬಾನ್ ಹಾಕಿದರೂ ಶೇಷ 1ೇ.

ಊರಿಗೆ ಕಳಿಸುವಾಗ ಈ ಕಾವಲೂ ಇಲ್ಲ. ಭಾರತದ ಬ್ಯಾಂಕುಗಳಿಗೆ ಐಬಾನ್ ಇಲ್ಲ, ಖಾತೆ ನಂಬರ್ ಮತ್ತು 11 ಅಕ್ಷರದ ಐಎಫ್‌ಎಸ್‌ಸಿ ಮೇಲೆ ದುಡ್ಡು ಹೋಗುತ್ತದೆ. ಆಧಾರ್‌ನ 12ನೇ ಅಂಕಿ ತಾಳೆ ನೋಡಲಿಕ್ಕೇ ಇದೆ, ಐಎಫ್‌ಎಸ್‌ಸಿಯಲ್ಲಿ ಅಂಥದ್ದಿಲ್ಲ. ಎಕ್ಸ್‌ಚೇಂಜ್ ಕೌಂಟರಿನಲ್ಲಿ ರಸೀದಿಗೆ ಸಹಿ ಹಾಕುವ ಮೊದಲು ಪಾಸ್‌ಬುಕ್ ಫೋಟೋ ತೆಗೆದು ಒಂದೊಂದೇ ಅಂಕಿ ಓದಿ, ಹೆಸರೂ ನೋಡಿ. ಹಿಂದಿರುವವರು ಕಾಯಲಿ.

ಮನೆಯವರ ಖಾತೆ ನಂಬರ್ ಎಕ್ಸೆಲ್‌ನಲ್ಲಿ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು: ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಉಳಿಸುತ್ತದೆ, 16ನೆಯದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ಟೈಪ್ ಮಾಡುವ ಮೊದಲೇ ಆ ಕಾಲಂ ಅನ್ನು ‘ಟೆಕ್ಸ್ಟ್’ಗೆ ಬದಲಿಸಿ. ಆಮೇಲೆ ಬದಲಿಸಿದರೆ ಹೋದ ಅಂಕಿ ವಾಪಸ್ ಬರುವುದಿಲ್ಲ.