ಪಿಕಪ್ ಗಾಡಿಯ ಸ್ಪಾರ್ಕ್ ಪ್ಲಗ್: ಬದಲಿಸಬೇಕಾದುದು ಯಾವಾಗ?

ಕೊಳ್ಳೇಗಾಲ: ರೇಷ್ಮೆಗೂಡು, ಅರಿಶಿನ, ಮೆಕ್ಕೆಜೋಳ, ಬಾಳೆ, ಭತ್ತ ಹಾಗೂ ಕಬ್ಬು ಬೆಳೆಯುವ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಸಣ್ಣ ಸರಕು ಸಾಗಣೆ ವಾಹನಗಳು ಎತ್ತಿನ ಗಾಡಿಯ ಸ್ಥಾನವನ್ನು ಎಂದೋ ತುಂಬಿವೆ. ಬೆಳೆ ಸಂತೆಗೆ ತಲುಪುವುದೂ, ಗೊಬ್ಬರ ಹೊಲಕ್ಕೆ ಬರುವುದೂ ಬಹುಮಟ್ಟಿಗೆ ಇವುಗಳನ್ನೇ ಅವಲಂಬಿಸಿದೆ. ಇಂತಹ ವಾಹನ ಏರುದಾರಿಯಲ್ಲಿ ಎಳೆಯದೆ ನಿಂತಾಗ ಕಾರಣ ಎಷ್ಟೋ ಬಾರಿ ಬೆರಳುದ್ದದ ಒಂದು ಬಿಡಿಭಾಗವಾಗಿರುತ್ತದೆ. ಅದೇ ಸ್ಪಾರ್ಕ್ ಪ್ಲಗ್. ಅದನ್ನು ಯಾವಾಗ ಬದಲಿಸಬೇಕು, ಯಾವಾಗ ಸುಮ್ಮನೆ ಬಿಡಬೇಕು ಎಂಬುದನ್ನು ನಿರ್ಧರಿಸಲು ನೆರವಾಗುವ ವಿವರಗಳು ಇಲ್ಲಿವೆ.

ಮೊದಲು ಇಂಧನ ನೋಡಿ

ಡೀಸೆಲ್ ವಾಹನಗಳಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಇರುವುದು ಚಳಿಯಲ್ಲಿ ಸ್ಟಾರ್ಟ್ ಮಾಡಲು ನೆರವಾಗುವ ಹೀಟರ್ ಪ್ಲಗ್. ಅದರ ಕೆಲಸವೇ ಬೇರೆ. ಆದ್ದರಿಂದ ಬೊಲೆರೊ ಪಿಕಪ್‌ನಂತಹ ಡೀಸೆಲ್ ಗಾಡಿಗಳ ಮಾಲೀಕರಿಗೆ ಈ ಲೇಖನದ ಲೆಕ್ಕ ಅನ್ವಯಿಸುವುದಿಲ್ಲ.

ಈ ಪ್ರಶ್ನೆ ಇತ್ತೀಚಿನ ವರ್ಷಗಳಲ್ಲಿ ಮುಖ್ಯವಾಗಲು ಕಾರಣವಿದೆ. 2005ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ಏಸ್ ಎರಡು ಸಿಲಿಂಡರ್‌ಗಳ ಡೀಸೆಲ್ ವಾಹನವಾಗಿತ್ತು. 2016ರಲ್ಲಿ ಬಂದ ಮಾರುತಿ ಸೂಪರ್ ಕ್ಯಾರಿ ಕೂಡ ಮೊದಲಿಗೆ ಡೀಸೆಲ್ ರೂಪದಲ್ಲಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಯಾದ ಬಳಿಕ ಸಣ್ಣ ಡೀಸೆಲ್ ಎಂಜಿನ್‌ಗಳ ಹೊಗೆ ಶುದ್ಧೀಕರಣ ದುಬಾರಿಯಾಯಿತು. ಹೀಗಾಗಿ ಸಣ್ಣ ಸರಕು ವಾಹನಗಳಲ್ಲಿ ಪೆಟ್ರೋಲ್ ಮತ್ತು ಸಿಎನ್‌ಜಿ ಮಾದರಿಗಳು ಹೆಚ್ಚಾದವು. ಸೂಪರ್ ಕ್ಯಾರಿ ಈಗ ಈ ಎರಡು ರೂಪಗಳಲ್ಲಿ ಮಾತ್ರ ದೊರೆಯುತ್ತದೆ. ಏಸ್‌ಗೂ ಪೆಟ್ರೋಲ್ ಹಾಗೂ ಸಿಎನ್‌ಜಿ ಮಾದರಿಗಳಿವೆ. ಡೀಸೆಲ್ ಗಾಡಿ ಓಡಿಸಿ ಅಭ್ಯಾಸವಿದ್ದು ಹೊಸದಾಗಿ ಪೆಟ್ರೋಲ್ ಗಾಡಿ ಕೊಂಡವರಿಗೆ, ಆಯಿಲ್ ಮತ್ತು ಫಿಲ್ಟರ್‌ಗಳ ಹಾಗೆ ಪ್ಲಗ್‌ಗೂ ಒಂದು ಅವಧಿ ಇದೆ ಎಂಬುದು ಎಷ್ಟೋ ಸಲ ಗಾಡಿ ನಿಂತ ಮೇಲೆಯೇ ತಿಳಿಯುತ್ತದೆ.

ಪ್ಲಗ್ ಸವೆಯುವುದು ಹೇಗೆ?

ಪ್ಲಗ್‌ನ ತುದಿಯಲ್ಲಿ ಎರಡು ಎಲೆಕ್ಟ್ರೋಡ್‌ಗಳಿರುತ್ತವೆ. ಅವುಗಳ ನಡುವಿನ ಅಂತರವನ್ನು ಗ್ಯಾಪ್ ಎನ್ನುತ್ತಾರೆ. ಸಾಮಾನ್ಯವಾಗಿ ಇದು 0.7ರಿಂದ 1.1 ಮಿ.ಮೀ. ಒಳಗಿರುತ್ತದೆ. ಇಗ್ನಿಷನ್ ಕಾಯಿಲ್ ಒದಗಿಸುವ ಸಾವಿರಾರು ವೋಲ್ಟ್ ವಿದ್ಯುತ್ ಈ ಅಂತರವನ್ನು ದಾಟುವಾಗ ಕಿಡಿ ಹಾರಿ ಇಂಧನ ಹೊತ್ತಿಕೊಳ್ಳುತ್ತದೆ. ಪ್ರತಿ ಕಿಡಿಯೂ ಲೋಹದ ಅತಿ ಸೂಕ್ಷ್ಮ ಅಂಶವನ್ನು ಕಿತ್ತೊಯ್ಯುತ್ತದೆ. ಚೂಪಾಗಿದ್ದ ಅಂಚು ಉರುಟಾಗುತ್ತದೆ, ಗ್ಯಾಪ್ ಹಿಗ್ಗುತ್ತದೆ. ಗ್ಯಾಪ್ ಹಿಗ್ಗಿದಷ್ಟೂ ಹೆಚ್ಚು ವೋಲ್ಟ್ ಬೇಕಾಗುತ್ತದೆ. ಕಾಯಿಲ್ ಅದನ್ನು ಒದಗಿಸಲಾರದ ಹಂತದಲ್ಲಿ ಕಿಡಿ ತಪ್ಪುತ್ತದೆ. ಗ್ಯಾರೇಜುಗಳಲ್ಲಿ ‘ಮಿಸ್ಸಿಂಗ್’ ಎನ್ನುವುದು ಇದನ್ನೇ. ಭಾರ ಹೊತ್ತು ಏರು ಹತ್ತುವಾಗ ಸಿಲಿಂಡರ್ ಒಳಗಿನ ಒತ್ತಡ ಹೆಚ್ಚಿರುವುದರಿಂದ ಕಿಡಿ ಮೊದಲು ತಪ್ಪುವುದೂ ಅಲ್ಲಿಯೇ.

ಪ್ಲಗ್‌ನ ಲೋಹ ಅದರ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ನಿಕ್ಕಲ್ ತುದಿಯ ಸಾಮಾನ್ಯ ಪ್ಲಗ್‌ಗಳಿಗೆ 30ರಿಂದ 40 ಸಾವಿರ ಕಿ.ಮೀ. ಎಂಬುದು ರೂಢಿಯ ಅಂದಾಜು. ಪ್ಲಾಟಿನಂ ಅಥವಾ ಇರಿಡಿಯಂ ತುದಿಯವು 80 ಸಾವಿರದಿಂದ 1 ಲಕ್ಷ ಕಿ.ಮೀ.ವರೆಗೆ ಬಾಳಬಲ್ಲವು. ಆದರೆ ಕೊನೆಯ ಮಾತು ವಾಹನದೊಂದಿಗೆ ಬರುವ ಕೈಪಿಡಿಯದು. ಅದರಲ್ಲಿ ಪ್ಲಗ್‌ನ ಸಂಖ್ಯೆ, ಗ್ಯಾಪ್ ಮತ್ತು ಬದಲಾವಣೆಯ ಅವಧಿ ನಮೂದಾಗಿರುತ್ತವೆ. ಸಿಎನ್‌ಜಿ ಮಿಶ್ರಣದಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟ್ ಬೇಕಾಗುವುದರಿಂದ ಅಂತಹ ಗಾಡಿಗಳಲ್ಲಿ ಸವೆತವೂ ಬೇಗ ಗೋಚರಿಸುತ್ತದೆ. ಪೆಟ್ರೋಲ್‌ನಲ್ಲಿ ಚೆನ್ನಾಗಿ ಓಡುವ ಗಾಡಿ ಸಿಎನ್‌ಜಿಗೆ ಬದಲಾಯಿಸಿದೊಡನೆ ಮಿಸ್ಸಿಂಗ್ ತೋರಿದರೆ ಮೊದಲು ಪರೀಕ್ಷಿಸಬೇಕಾದುದು ಪ್ಲಗ್‌ಗಳನ್ನೇ.

ಕಿಲೋಮೀಟರ್ ಲೆಕ್ಕ ಎಲ್ಲಿ ತಪ್ಪುತ್ತದೆ?

ಕೈಪಿಡಿಯ ಅವಧಿ ಕಿಲೋಮೀಟರ್‌ಗಳಲ್ಲಿರುತ್ತದೆ. ಆದರೆ ಪ್ಲಗ್ ಸವೆಯುವುದು ಕಿಡಿಗಳ ಲೆಕ್ಕದಲ್ಲಿ. ಸಾಮಾನ್ಯ ಎಂಜಿನ್‌ನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಹೊತ್ತಿಸುವ ಕಿಡಿ ಹಾರುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್‌ನಲ್ಲಿ ಒಂದೊಂದು ಪ್ಲಗ್ ನಿಮಿಷಕ್ಕೆ 1,500, ಗಂಟೆಗೆ 90,000 ಕಿಡಿ ಕೊಡಬೇಕು.

ಗಾಡಿ ಹೆದ್ದಾರಿಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಒಂದು ಕಿ.ಮೀ.ಗೆ ಬೀಳುವ ಕಿಡಿಗಳು 1,800. ಅದೇ ಗಾಡಿ ತಾಳಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದತ್ತ ಭಾರ ಹೊತ್ತು ಎರಡನೇ ಗೇರಿನಲ್ಲಿ, ಎಂಜಿನ್ ಅಷ್ಟೇ ವೇಗವಾಗಿ ತಿರುಗುತ್ತ, ಗಂಟೆಗೆ 20 ಕಿ.ಮೀ. ಸಾಗಿದರೆ ಪ್ರತಿ ಕಿ.ಮೀ.ಗೆ 4,500 ಕಿಡಿಗಳು. ಅಂದರೆ ಘಾಟಿಯ ಒಂದು ಕಿ.ಮೀ. ಹೆದ್ದಾರಿಯ ಎರಡೂವರೆ ಕಿ.ಮೀ.ಗೆ ಸಮ. ಹೆದ್ದಾರಿಯಲ್ಲಿ 40,000 ಕಿ.ಮೀ. ಬಾಳುವ ಪ್ಲಗ್, ಒಟ್ಟು ಓಟದಲ್ಲಿ ಕಾಲು ಭಾಗ ಘಾಟಿಯದ್ದಾದರೆ, ಅಷ್ಟೇ ಸಂಖ್ಯೆಯ ಕಿಡಿಗಳನ್ನು ಸುಮಾರು 29,000 ಕಿ.ಮೀ.ಗೇ ಮುಗಿಸಿರುತ್ತದೆ. ಭಾರ ಹಾಗೂ ಶಾಖದ ಪರಿಣಾಮ ಇದರ ಮೇಲಿನದು. ಇದು ಅಂದಾಜಿನ ಲೆಕ್ಕವೇ ಹೊರತು ಕಂಪನಿಯ ನಿಯಮವಲ್ಲ. ಆದರೂ ಮೀಟರ್ ಒಂದನ್ನೇ ನಂಬಬಾರದೆಂಬುದು ಇದರಿಂದ ಸ್ಪಷ್ಟ.

ಮೂರು ತಾಲ್ಲೂಕು, ಮೂರು ಬಗೆಯ ಓಟ

ಕೊಳ್ಳೇಗಾಲದಿಂದ ಮಳವಳ್ಳಿ, ಮದ್ದೂರು ದಾರಿಯಾಗಿ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಗೆ, ಅಥವಾ ಮೈಸೂರಿನ ಕಡೆಗೆ ಓಡಾಡುವ ಗಾಡಿಗಳದ್ದು ಹೆಚ್ಚಾಗಿ ಸಮತಟ್ಟಾದ ದೂರದ ಓಟ. ಎಂಜಿನ್ ಹದವಾಗಿ ಬಿಸಿಯಾಗಿ ಒಂದೇ ವೇಗದಲ್ಲಿ ತಿರುಗುತ್ತದೆ. ಪ್ಲಗ್‌ಗಳಿಗೆ ಇದು ಅನುಕೂಲಕರ. ಇಂತಹವರು ಕೈಪಿಡಿಯ ಅವಧಿಯನ್ನು ಪೂರ್ತಿ ಬಳಸಿಕೊಳ್ಳಬಹುದು. ಆದರೆ ಗೂಡಿನ ಸಾಗಣೆಗೆ ಕಾಲಮಿತಿ ಇದೆ. ಹರಾಜಿನ ಹೊತ್ತಿಗೆ ತಲುಪದಿದ್ದರೆ ಮತ್ತೊಂದು ದಿನ ಕಾಯಬೇಕು. ಗೂಡಿನ ತೂಕ ಇಳಿಯುತ್ತದೆ, ತೀರಾ ತಡವಾದರೆ ಚಿಟ್ಟೆ ಹೊರಬಂದು ಗೂಡೇ ಕೆಡುತ್ತದೆ. ತಿಂಗಳ ದುಡಿಮೆ ಒಂದು ಪ್ಲಗ್‌ನ ಮೇಲೆ ನಿಲ್ಲಬಾರದು. ಆದುದರಿಂದ ಅವಧಿ ಮುಗಿಯುವ ಮೊದಲೇ, ಗೂಡು ಬಿಡಿಸುವ ದಿನಗಳಿಗೆ ಮುಂಚೆ, ಬದಲಿಸಿಕೊಳ್ಳುವುದು ಲೇಸು.

ಹನೂರು ತಾಲ್ಲೂಕಿನ ಗಾಡಿಗಳದ್ದು ಏರುದಾರಿಯ ಓಟ. ಕೌದಳ್ಳಿ, ರಾಮಾಪುರ, ಮಾರ್ಟಳ್ಳಿ ಹಾಗೂ ಬೆಟ್ಟದ ಕಡೆಗೆ ಸಾಮಾನು ಸಾಗಿಸುವಾಗ ಎಂಜಿನ್ ಮೇಲಿನ ಭಾರ ಹೆಚ್ಚು. ಶಿವರಾತ್ರಿ, ಯುಗಾದಿ ಮತ್ತು ದೀಪಾವಳಿ ಜಾತ್ರೆಗಳ ಸಮಯದಲ್ಲಿ ಬಾಡಿಗೆಯೂ ಹೆಚ್ಚು. ದಾರಿಯ ಬಹುಭಾಗ ಆನೆಗಳ ಸಂಚಾರವಿರುವ ಕಾಡು. ಅಲ್ಲಿ ಸಂಜೆಯ ಹೊತ್ತು ಗಾಡಿ ಕೆಟ್ಟು ನಿಲ್ಲುವುದು ಹಣದ ನಷ್ಟಕ್ಕಿಂತ ದೊಡ್ಡ ಅಪಾಯ. ಇಲ್ಲಿನ ಮಾಲೀಕರು ಕೈಪಿಡಿ ಹೇಳಿದ ಅವಧಿಯ ಮುಕ್ಕಾಲು ಭಾಗಕ್ಕೇ ಪ್ಲಗ್ ಬದಲಿಸುವುದು ಸೂಕ್ತ.

ಯಳಂದೂರಿನ ಭತ್ತ, ಕಬ್ಬಿನ ಬಯಲಿನಲ್ಲಿ ಕಾಣುವುದು ಇದಕ್ಕೆ ವಿರುದ್ಧವಾದ ತೊಂದರೆ. ಗದ್ದೆಯಿಂದ ಅಕ್ಕಿ ಗಿರಣಿಗೆ, ಅಂಗಡಿಯಿಂದ ಮನೆಗೆ ಎರಡು ಮೂರು ಕಿ.ಮೀ. ಓಡಿ ನಿಲ್ಲುವ ಗಾಡಿಗಳಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಪ್ಲಗ್‌ನ ತುದಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಮಾತ್ರ ಅದರ ಮೇಲಿನ ಮಸಿ ತಾನಾಗಿ ಉರಿದುಹೋಗುತ್ತದೆ. ಅಷ್ಟು ಬಿಸಿಯಾಗದಿದ್ದರೆ ಮಸಿ ಪದರಗಟ್ಟಿ, ವಿದ್ಯುತ್ತು ಅದರ ಮೂಲಕ ಸೋರಿ, ಕಿಡಿ ದುರ್ಬಲವಾಗುತ್ತದೆ. ಇಂತಹ ಗಾಡಿಗಳನ್ನು ವಾರಕ್ಕೊಮ್ಮೆಯಾದರೂ ಚಾಮರಾಜನಗರ ಅಥವಾ ಕೊಳ್ಳೇಗಾಲದವರೆಗೆ ಒಂದೇ ಸಮನೆ ಓಡಿಸುವುದು ಒಳ್ಳೆಯದು. ಕಿ.ಮೀ. ಕಡಿಮೆ ಇದ್ದರೂ ವರ್ಷಕ್ಕೊಮ್ಮೆ ಪ್ಲಗ್ ಬಿಚ್ಚಿ ನೋಡುವುದು ಅಗತ್ಯ.

ಪ್ಲಗ್ ಹೇಳುವ ಕಥೆ

ಬಿಚ್ಚಿದ ಪ್ಲಗ್‌ನ ಬಣ್ಣವೇ ಎಂಜಿನ್‌ನ ಆರೋಗ್ಯವನ್ನು ತಿಳಿಸುತ್ತದೆ.

• ತಿಳಿ ಕಂದು ಅಥವಾ ಬೂದು ಬಣ್ಣ, ಚೂಪಾದ ಅಂಚು: ಎಲ್ಲವೂ ಸರಿ ಇದೆ. ಅವಧಿ ಉಳಿದಿದ್ದರೆ ಮತ್ತೆ ಹಾಕಬಹುದು.

• ಒಣ ಕಪ್ಪು ಮಸಿ: ಇಂಧನ ಹೆಚ್ಚಾಗಿ ಹೋಗುತ್ತಿದೆ, ಸೆನ್ಸರ್ ದೋಷವಿದೆ, ಏರ್ ಫಿಲ್ಟರ್ ಕಟ್ಟಿದೆ, ಅಥವಾ ಓಟ ತೀರಾ ಚಿಕ್ಕದು. ಕಲ್ಲು ಕ್ವಾರಿಗಳ ಧೂಳಿನಲ್ಲಿ ಓಡಾಡುವವರು ಫಿಲ್ಟರನ್ನು ಮೊದಲು ನೋಡಬೇಕು.

• ಎಣ್ಣೆಯ ಜಿಡ್ಡು: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಎಂಜಿನ್ ಆಯಿಲ್ ಒಳಸೇರುತ್ತಿದೆ. ಹೊಸ ಪ್ಲಗ್ ಹಾಕಿದರೂ ತೊಂದರೆ ಮರಳುತ್ತದೆ.

• ಬಿಳಿಚಿದ, ಬೊಬ್ಬೆ ಎದ್ದ ಪಿಂಗಾಣಿ: ಅತಿ ಶಾಖ. ತಪ್ಪು ಸಂಖ್ಯೆಯ ಪ್ಲಗ್, ಕೂಲಿಂಗ್ ದೋಷ ಅಥವಾ ಇಂಧನದ ಕೊರತೆ ಕಾರಣವಿರಬಹುದು. ಗಾಡಿಯನ್ನು ಹಾಗೆಯೇ ಓಡಿಸಬಾರದು.

• ಉರುಟಾದ ಎಲೆಕ್ಟ್ರೋಡ್, ಬಿರುಕು ಬಿಟ್ಟ ಪಿಂಗಾಣಿ: ಮೀಟರ್ ಎಷ್ಟೇ ತೋರಿಸಲಿ, ಬದಲಿಸಲೇಬೇಕು.

ಮುಂಜಾನೆ ಬೇಗ ಸ್ಟಾರ್ಟ್ ಆಗದಿರುವುದು, ನಿಂತಲ್ಲಿ ಗಾಡಿ ನಡುಗುವುದು, ಏರಿನಲ್ಲಿ ಎಳೆಯದಿರುವುದು, ಮೈಲೇಜ್ ಇಳಿಯುವುದು ಇವು ಓಡಿಸುವಾಗ ಕಾಣುವ ಲಕ್ಷಣಗಳು. ಇವೇ ಲಕ್ಷಣಗಳು ಕಾಯಿಲ್, ಇಂಜೆಕ್ಟರ್ ಅಥವಾ ಇಂಧನದ ದೋಷದಿಂದಲೂ ಬರಬಹುದು. ಬಿಎಸ್-6 ಗಾಡಿಗಳಲ್ಲಿ ಸ್ಕ್ಯಾನರ್ ಜೋಡಿಸಿದರೆ ಕಿಡಿ ತಪ್ಪುತ್ತಿರುವ ಸಿಲಿಂಡರ್ ಯಾವುದೆಂಬ ಸಂಕೇತ ದೊರೆಯುತ್ತದೆ. ಆ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ ನೋಡಿದಾಗ ದೋಷವೂ ಅಲ್ಲಿಗೇ ಹೋದರೆ ತಪ್ಪು ಪ್ಲಗ್‌ನದು. ಹೋಗದಿದ್ದರೆ ಕಾಯಿಲ್ ಮೊದಲಾದವನ್ನು ಪರೀಕ್ಷಿಸಬೇಕು. ಹೀಗೆ ಮಾಡಿದರೆ ಬೇಡದ ಬಿಡಿಭಾಗಗಳ ಖರ್ಚು ಉಳಿಯುತ್ತದೆ.

ಮುಂದೂಡಿದರೆ ಆಗುವ ನಷ್ಟ

ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಗಾಡಿ 15ಕ್ಕೆ ಇಳಿಯಿತೆನ್ನೋಣ. ತಿಂಗಳಿಗೆ 2,000 ಕಿ.ಮೀ. ಓಡಿದರೆ ಹೆಚ್ಚುವರಿಯಾಗಿ 8 ಲೀಟರಿಗೂ ಮಿಗಿಲಾದ ಪೆಟ್ರೋಲ್ ಬೇಕು. ಲೀಟರಿಗೆ 100 ರೂಪಾಯಿಯಂತೆ ಹಿಡಿದರೂ ತಿಂಗಳಿಗೆ 800 ರೂಪಾಯಿ ಮೀರುತ್ತದೆ. ಸಾಮಾನ್ಯ ನಿಕ್ಕಲ್ ಪ್ಲಗ್‌ಗಳ ಒಂದು ಸೆಟ್ಟಿನ ಬೆಲೆ ಬಹಳವೆಂದರೆ ಒಂದೆರಡು ತಿಂಗಳ ಈ ನಷ್ಟಕ್ಕೆ ಸಮ.

ಇದಕ್ಕಿಂತ ದೊಡ್ಡ ನಷ್ಟ ಸೈಲೆನ್ಸರ್ ಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನದು. ಕಿಡಿ ತಪ್ಪಿದಾಗ ಉರಿಯದ ಇಂಧನ ಅಲ್ಲಿಗೆ ಹೋಗಿ ಉರಿದು, ಅದರ ಒಳಭಾಗವನ್ನೇ ಕರಗಿಸಬಲ್ಲದು. ಅದರ ಬೆಲೆ ಪ್ಲಗ್‌ಗಳಿಗಿಂತ ಎಷ್ಟೋ ಪಟ್ಟು. ಎಂಜಿನ್ ಎಚ್ಚರಿಕೆ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗನೆ ಗ್ಯಾರೇಜಿಗೆ ಒಯ್ಯಬೇಕು. ಅದು ಮಿನುಗತೊಡಗಿದರೆ ಕನ್ವರ್ಟರಿಗೆ ಹಾನಿಯಾಗುವಷ್ಟು ಕಿಡಿ ತಪ್ಪುತ್ತಿದೆ ಎಂದರ್ಥ. ಆಗ ವೇಗ ಮತ್ತು ಭಾರ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸುವುದೇ ಸರಿ. ಹೊಗೆ ತಪಾಸಣೆಯಲ್ಲಿ ಗಾಡಿ ಅನುತ್ತೀರ್ಣವಾಗಲೂ ಉರಿಯದ ಇಂಧನ ಕಾರಣವಾಗಬಹುದು.

ಬದಲಿಸುವಾಗ ಗಮನಿಸಬೇಕಾದವು

1. ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಬಿಚ್ಚಬೇಕು. ಬಿಸಿ ಇದ್ದಾಗ ಅಲ್ಯೂಮಿನಿಯಂ ಹೆಡ್‌ನ ಮರೆಗಳು ಹಾಳಾಗುತ್ತವೆ.

2. ಬಿಚ್ಚುವ ಮೊದಲು ಪ್ಲಗ್ ಕೂತ ಗುಂಡಿಗೆ ಗಾಳಿ ಹೊಡೆಸಿ ಧೂಳು ತೆಗೆಯಬೇಕು. ಇಲ್ಲವಾದರೆ ಅದು ಸಿಲಿಂಡರಿಗೆ ಬೀಳುತ್ತದೆ.

3. ಎಲ್ಲ ಪ್ಲಗ್‌ಗಳನ್ನೂ ಒಟ್ಟಿಗೆ ಬದಲಿಸಬೇಕು. ಒಂದು ಹೊಸದು, ಮೂರು ಹಳೆಯದಾದರೆ ಎಂಜಿನ್ ಸಮನಾಗಿ ಓಡದು.

4. ಗ್ಯಾಪನ್ನು ಫೀಲರ್ ಗೇಜ್‌ನಿಂದ ಅಳೆಯಬೇಕು. ನಿಕ್ಕಲ್ ಪ್ಲಗ್‌ನ ಹೊರಗಿನ ಎಲೆಕ್ಟ್ರೋಡನ್ನು ಮಾತ್ರ ಮೆಲ್ಲಗೆ ಬಾಗಿಸಿ ಸರಿಪಡಿಸಬಹುದು. ಇರಿಡಿಯಂ ತುದಿ ತೀರಾ ಸೂಕ್ಷ್ಮ; ಅದನ್ನು ಮುಟ್ಟಬಾರದು, ಸ್ಯಾಂಡ್ ಪೇಪರಿನಿಂದ ಉಜ್ಜಲೂಬಾರದು.

5. ಹೊಸ ಪ್ಲಗ್ಗನ್ನು ಮೊದಲು ಕೈಯಿಂದಲೇ ತಿರುಗಿಸಿ ಕೂರಿಸಬೇಕು. ವಾಷರ್ ಇರುವ 14 ಮಿ.ಮೀ. ಪ್ಲಗ್ಗಾದರೆ ಬಳಿಕ ಸ್ಪ್ಯಾನರಿನಿಂದ ಅರ್ಧದಿಂದ ಮೂರನೇ ಎರಡು ಸುತ್ತು ಸಾಕು. ಟಾರ್ಕ್ ಸ್ಪ್ಯಾನರ್ ಇದ್ದರೆ ಕೈಪಿಡಿಯ ಅಳತೆಯಂತೆ ಬಿಗಿಯಬೇಕು.

6. ಪೆಟ್ಟಿಗೆಯ ಮೇಲಿನ ಸಂಖ್ಯೆ ಕೈಪಿಡಿಯ ಸಂಖ್ಯೆಗೆ ಹೊಂದಬೇಕು. ನಕಲಿ ಮಾಲಿನ ಅನುಮಾನವಿದ್ದರೆ ಅಧಿಕೃತ ಮಾರಾಟಗಾರರಲ್ಲೇ ಕೊಂಡು ಬಿಲ್ ಪಡೆಯಬೇಕು.

ಹಳೆಯ ಚಾಲಕರು ಇಂದಿಗೂ ನೆನೆಯುವ ‘ಮೈಕೊ’ ಪ್ಲಗ್‌ಗಳನ್ನು ತಯಾರಿಸಿದ್ದು 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಕಾರ್ಬುರೇಟರ್ ಕಾಲದಲ್ಲಿ ಪ್ಲಗ್ ಬಿಚ್ಚಿ, ಉಜ್ಜಿ, ಮತ್ತೆ ಹಾಕುವುದು ವಾಡಿಕೆಯಾಗಿತ್ತು. ಇಂದಿನ ಎಂಜಿನ್‌ಗಳಿಗೆ ಆ ಪದ್ಧತಿ ಹೊಂದುವುದಿಲ್ಲ. ಉಜ್ಜಿದಾಗ ಪಿಂಗಾಣಿಯ ಮೇಲೆ ಉಳಿಯುವ ಲೋಹದ ಗೀರುಗಳೇ ವಿದ್ಯುತ್ ಸೋರಿಕೆಗೆ ದಾರಿಯಾಗುತ್ತವೆ.

ಪ್ಲಗ್ ಬದಲಿಸಿದ ದಿನಾಂಕ, ಮೀಟರ್ ಓದು ಮತ್ತು ಪ್ಲಗ್‌ನ ಸಂಖ್ಯೆಯನ್ನು ಗಾಡಿಯ ದಾಖಲೆಗಳ ಜೊತೆ ಒಂದು ಚೀಟಿಯಲ್ಲಿ ಬರೆದಿಡುವುದು ಉತ್ತಮ. ಚಾಲಕ ಬದಲಾದರೂ, ಗ್ಯಾರೇಜು ಬದಲಾದರೂ ಮುಂದಿನ ಸಲ ಯಾವಾಗ ಎಂಬ ಪ್ರಶ್ನೆಗೆ ಆ ಚೀಟಿಯಲ್ಲಿ ಉತ್ತರವಿರುತ್ತದೆ. ಬಿಚ್ಚಿದ ಪ್ಲಗ್‌ಗಳಲ್ಲಿ ಇನ್ನೂ ಕೆಲಸ ಮಾಡಬಲ್ಲ ಒಂದನ್ನು ಸ್ಪ್ಯಾನರಿನ ಸಮೇತ ಗಾಡಿಯಲ್ಲಿರಿಸಿಕೊಂಡರೆ ಬೆಟ್ಟದ ದಾರಿಯಲ್ಲಿ ಊರು ತಲುಪುವ ಮಟ್ಟಿಗೆ ಆಸರೆಯಾದೀತು.